ಗಾಜು ಚುಚ್ಚಿದ ಗೋಡೆಯೋ, ದೊಡ್ಡಾಸ್ಪತ್ರೆಯೋ

ಎತ್ತು ಕೊಳ್ಳುವಾಗ ಅಪ್ಪ ಒಂದು ದಿನ, ಚಿಕ್ಕಪ್ಪ ಇನ್ನೊಂದು ದಿನ ಹೋಗಿ ನೋಡಿಬರುವುದು ನಮ್ಮ ಮನೆಯ ರೂಢಿ. ಒಟ್ಟಿಗೆ ಹೋದರೆ ಮಾರುವವನ ಎದುರಿಗೇ ಜಗಳ ಹತ್ತಿಕೊಳ್ಳುತ್ತಿತ್ತು. ಅರವತ್ತರ ದಶಕದಲ್ಲಿ ನನ್ನ ಮೆಡಿಕಲ್ ಕಾಲೇಜನ್ನೂ ಅವರು ಹೀಗೇ ನೋಡಿದರು. ಹಾಸನದಲ್ಲಿ ಪಿಯುಸಿ ಮುಗಿಸಿದ್ದ ನನಗೆ ಬೆಂಗಳೂರಿನ ಎರಡು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಒಂದು ಸರ್ಕಾರದ್ದು, ಇನ್ನೊಂದು ಪಾದ್ರಿಗಳದ್ದು. ಅಪ್ಪ, ಚಿಕ್ಕಪ್ಪ ಅರಕಲಗೂಡಿನಲ್ಲಿ ಬಸ್ಸು ಹತ್ತಿ ಬೇರೆ ಬೇರೆಯಾಗಿ ಹೋಗಿಬಂದರು. ಓದಬೇಕಾದ ನನ್ನನ್ನು ಮಾತ್ರ ಯಾರೂ ಕರೆದೊಯ್ಯಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅಪ್ಪ ನೋಡಿಬಂದದ್ದು ಗೋಡೆ. ಪಾದ್ರಿಗಳ ಕಾಲೇಜಿನಲ್ಲಿ ಹುಡುಗಿಯರ ಹಾಸ್ಟೆಲ್ಲಿಗೆ ಆಳೆತ್ತರದ ಗೋಡೆ, ಅದರ ಮೇಲೆ ಗಾಜಿನ ಚೂರು, ಬಾಗಿಲಲ್ಲಿ ಬೀಗದ ಕೈ ಹಿಡಿದ ಸನ್ಯಾಸಿನಿ. ಅಷ್ಟು ಕಂಡ ಮೇಲೆ ಅವನಿಗೆ ಇನ್ನೇನೂ ಬೇಕಿರಲಿಲ್ಲ.

ಚಿಕ್ಕಪ್ಪ ಸರ್ಕಾರಿ ಕಾಲೇಜಿನ ಜವಾನನಿಗೆ ಬೀಡಿ ಕೊಟ್ಟು ಒಳಗೆ ನುಗ್ಗಿದ್ದ. ಹುಡುಗರು ಕುಯ್ಯುವ ಹೆಣಗಳನ್ನೂ ಪಕ್ಕದ ದೊಡ್ಡಾಸ್ಪತ್ರೆಯ ರೋಗಿಗಳನ್ನೂ ಕಣ್ತುಂಬ ನೋಡಿದ್ದ. ಹೆರಿಗೆಗೆ ಬಂದವರೇ ಒಂದು ಊರಷ್ಟಿದ್ದಾರೆ ಎಂದ. ಅವನ ಹೆಂಡತಿ, ನಮ್ಮ ಚಿಕ್ಕವ್ವ, ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿ, ಡಾಕ್ಟರ ಬಳಿ ಹೋಗುವ ದಾರಿಯಲ್ಲಿ ಗಾಡಿಯಲ್ಲೇ ಸತ್ತು ಇನ್ನೂ ವರ್ಷ ತುಂಬಿರಲಿಲ್ಲ.

ನೋಡಿಬಂದ ಮೇಲೆ ಒಂದು ಮಧ್ಯಾಹ್ನ ಜಗಲಿಯ ಮೇಲೆ ಇಬ್ಬರೂ ಕೂತರು.

“ಮುಟ್ಟಿ ಮುಟ್ಟಿ ಕಲೀಬೇಕು ಕಣಣ್ಣಯ್ಯ. ಗ್ವಾಡೆ ನೋಡ್ಕೊಂಡು ಯಾವ ಡಾಕ್ಟ್ರಾಯ್ತಾಳೆ?” ಅಂದ ಚಿಕ್ಕಪ್ಪ.

“ವಯಸ್ಸಿಗ್ ಬಂದೋಳ್ನ ಕಂಡೋರ ಮಕ್ಕಳ ಮಧ್ಯೆ ಬುಟ್ಬುಡ್ಲಾ? ನಿನ್ನೆಂಡ್ರು ಸತ್ತಳು ಅಂತ ನನ್ ಮಗಳ ಬಾಳು ಆಳ್ಮಾಡ್ಬ್ಯಾಡ ಕಣ್ಲಾ.”

ಚಿಕ್ಕಪ್ಪ ಅಪ್ಪನ ಎದೆಗೇ ಒದ್ದ. ಅಪ್ಪ ಮೆಟ್ಟಿಲ ಮೇಲೆ ಉರುಳಿಬಿದ್ದು, ಎದ್ದವನೇ ಮೂಲೆಯ ದೊಣ್ಣೆ ತೆಗೆದು ಚಿಕ್ಕಪ್ಪನ ತಲೆಗೆ ಬೀಸಿದ. ತೆಂಗಿನಕಾಯಿ ಒಡೆದ ಸದ್ದಾಯಿತು. ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ಚಿಕ್ಕಪ್ಪ ಅಪ್ಪನ ಕುತ್ತಿಗೆ ಹಿಸುಕುತ್ತಲೇ ಇದ್ದ. ನಾನು ಅವನ ಜುಟ್ಟು ಹಿಡಿದು ಹಿಂದಕ್ಕೆಳೆದೆ. ಅವ್ವ ಅಪ್ಪನ ಮುಂಗೈ ಕಚ್ಚಿ ದೊಣ್ಣೆ ಬಿಡಿಸಿದಳು.

ಗಾಡಿ ಕಟ್ಟಿಕೊಂಡು ಹೊಳೆನರಸೀಪುರಕ್ಕೆ ಓಡಿಸಿದವನೂ ಅಪ್ಪನೇ. ದಾರಿಯುದ್ದಕ್ಕೂ ತಮ್ಮನನ್ನು ಬೈಯುತ್ತಿದ್ದ, ಎತ್ತಿಗೆ ಹೊಡೆಯುತ್ತಿದ್ದ. ನಾನು ಸೆರಗು ಮುದ್ದೆ ಮಾಡಿ ಗಾಯಕ್ಕೆ ಒತ್ತಿಕೊಂಡು ಕೂತಿದ್ದೆ. ಭಯವಾಗಿತ್ತು. ಅದಕ್ಕಿಂತ ಹೆಚ್ಚಾಗಿ ಇಬ್ಬರ ಮೇಲೂ ಮೈ ಉರಿಯುತ್ತಿತ್ತು.

ಡಾಕ್ಟರ್ ಷಾಪಿನಲ್ಲಿದ್ದವರು ಎಲ್ಲೋ ದೂರದ ಊರಿನಲ್ಲಿ ಓದಿ ಆಗಷ್ಟೇ ಬಂದಿದ್ದ ಎಳೆ ವಯಸ್ಸಿನವರು. ಒಂದು ಹೊಲಿಗೆ ಹಾಕಿ, ಬಿಚ್ಚಿ, ಮತ್ತೆ ಚುಚ್ಚಿದರು. ಚಿಕ್ಕಪ್ಪ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದ.

“ಮುಂಚೆ ಎಷ್ಟು ಜನಕ್ಕೆ ಒಲ್ದಿದ್ದೀರಿ ಸಾ?” ಅಂತ ಅಪ್ಪ ಕೇಳಿದ.

“ಓದುವಾಗ ನಮ್ಮ ಕೈಗೆ ಕೊಡ್ತಿರಲಿಲ್ಲ. ದೂರ ನಿಂತು ನೋಡಿದ್ದೇ ಹೆಚ್ಚು,” ಅಂದರು ಅವರು.

ನನಗೆ ತಡೆಯಲಾಗಲಿಲ್ಲ. “ನಾನು ದೊಡ್ಡಾಸ್ಪತ್ರೆ ಇರೋ ಕಡೆಗೇ ಓಯ್ತೀನಿ. ಇಲ್ದಿದ್ರೆ ಎಲ್ಲಿಗೂ ಓಗಕಿಲ್ಲ,” ಅಂದೆ.

ಅಪ್ಪ ಕೆನ್ನೆಗೆ ಬಾರಿಸಿದ. ಕಿವಿ ಗುಂಯ್ ಅಂದಿತು. ಅರ್ಧ ಹೊಲಿದ ತಲೆಯಲ್ಲೇ ಚಿಕ್ಕಪ್ಪ ಅವನ ಮೇಲೆ ಎಗರಿಬಂದ. ಗಾಯ ಮತ್ತೆ ಬಾಯಿ ಬಿಟ್ಟು ರಕ್ತ ಡಾಕ್ಟರ ಅಂಗಿಯ ಮೇಲೆಲ್ಲ ಚಿಮ್ಮಿತು. ಸೂಜಿ ಅವರ ಕೈಯಿಂದ ಬಿದ್ದೇಹೋಯಿತು.

ಅಪ್ಪ ಆ ಖಾಲಿ ಕೈಯನ್ನೇ ನೋಡಿದ. ಆಮೇಲೆ ತಮ್ಮನನ್ನು ಒತ್ತಿ ಕೂರಿಸಿ, ತಲೆ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡ. “ಬ್ಯಾರೆ ಸೂಜಿ ತಕ್ಕಂಡು ಒಲೀರಿ ಸಾ,” ಅಂದ. ನನ್ನ ಕಡೆ ತಿರುಗದೆಯೇ, “ಆಯ್ತು, ನಿನ್ ಚಿಕ್ಕಪ್ಪ ಏಳಿದ ಕಡೆಗೇ ಓಗು,” ಅಂದ.

“ಚಿಕ್ಕಪ್ಪ ಏಳಿದ್ದಲ್ಲ, ನಾನು ಏಳಿದ್ದು,” ಅಂದೆ.

ಅಪ್ಪನ ಎರಡೂ ಕೈ ತಮ್ಮನ ತಲೆಯ ಮೇಲಿದ್ದವು. ಈ ಸಲ ನನಗೆ ಬಾರಿಸಲು ಅವನು ಅವನ್ನು ತೆಗೆಯಲಿಲ್ಲ.