ಹೊಂದದ ದವಡೆ

ವಸ್ತುಸಂಗ್ರಹಾಲಯದ ಹಿಂಭಾಗದ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಆಕೆಯನ್ನು ಎಲ್ಲರೂ ‘ಮೂಳೆಯಮ್ಮ’ ಎಂದೇ ಕರೆಯುತ್ತಿದ್ದರು. ಸತ್ತ ಪ್ರಾಣಿಗಳ ಮೂಳೆಯನ್ನು ಚೊಕ್ಕಟ ಮಾಡಿ, ಸೂಜಿಮೊನೆಯಂಥ ನಿಬ್ಬಿನಿಂದ ಅದರ ಮೇಲೆ ನಂಬರು ಬರೆದು, ಡಬ್ಬಿಗೆ ಹಾಕಿಡುವುದು ಆಕೆಯ ಕೆಲಸ. ಮಾಂಸ ಬಿಡಿಸಲು ಆಕೆ ಚಾಕು ಹಿಡಿದವಳಲ್ಲ. ಗಾಜಿನ ಪೆಟ್ಟಿಗೆಗಳಲ್ಲಿ ಸಾಕಿದ ಕಪ್ಪು ಹುಳುಗಳು ಎರಡೇ ದಿನದಲ್ಲಿ ಎಲ್ಲವನ್ನೂ ತಿಂದು ಮೂಳೆಯನ್ನಷ್ಟೇ ಉಳಿಸುತ್ತಿದ್ದವು. “ಬಡಿಸಿದ್ದನ್ನ ಗೊಣಗದೆ ತಿನ್ನೋ ಮಕ್ಕಳು ಅಂದ್ರೆ ಇವೇ” ಎನ್ನುತ್ತಿದ್ದಳು.

ಆಕೆಗಿದ್ದ ದುರ್ಗುಣ ಒಂದೇ, ಅನುಮಾನ. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನೂ ಎಣಿಸಿಡುವಳು. ಗಡಿಯಾರ ಸರಿಯಿದೆ ಎಂದರೆ ಪಕ್ಕದ ಮನೆಗೆ ಹೋಗಿ ನೋಡಿ ಬರುವಳು.

ಅಂಥವಳ ಕಿವಿಗೆ ಒಂದು ಶುಕ್ರವಾರ ಸುದ್ದಿ ಬಿತ್ತು. ಮಹಡಿಯ ಮೇಲೆ ಕೂತು ಬಾವಲಿಗಳ ಅಧ್ಯಯನ ಮಾಡುವ ‘ಬಾವಲಿ ಡಾಕ್ಟರಿಗೆ’, ಸಸ್ತನಿಗಳ ಬಗೆಗಿನ ಅತ್ಯುತ್ತಮ ಸಂಶೋಧನೆಗೆ ಕೊಡುವ ದೊಡ್ಡ ಪ್ರಶಸ್ತಿ ಬಹುತೇಕ ಖಚಿತವಂತೆ. ಸೋಮವಾರ ಪ್ರಶಸ್ತಿ ಸಮಿತಿಯವರು ಬಂದು, ಅವರು ಕಂಡುಹಿಡಿದ ಹೊಸ ಜಾತಿಯ ಬಾವಲಿಯನ್ನು ಕಣ್ಣಾರೆ ನೋಡುವರಂತೆ. ಆ ಜಾತಿಗೆ ಇದ್ದ ಸಾಕ್ಷಿ ಒಂದೇ, ೪೧೨ನೇ ಡಬ್ಬಿಯಲ್ಲಿದ್ದ ಬುರುಡೆ ಮತ್ತು ದವಡೆ. ಇಷ್ಟು ಗಿಡ್ಡ ಮುಖಕ್ಕೆ ಇಷ್ಟು ಉದ್ದ ದವಡೆ ಬೇರೆ ಯಾವ ಬಾವಲಿಗೂ ಇಲ್ಲ ಎಂಬುದೇ ಡಾಕ್ಟರ ಐದು ವರ್ಷದ ಸಂಶೋಧನೆಯ ಸಾರ.

ಧೂಳು ಒರೆಸಲೆಂದು ಮೂಳೆಯಮ್ಮ ಆ ಡಬ್ಬಿ ತೆರೆದಳು. ಇಷ್ಟು ಹೆಸರು ಮಾಡಿದ ದವಡೆ ಹೇಗಿದೆ ನೋಡೋಣವೆಂದು ಮೊದಲ ಸಲ ಅದನ್ನು ಬುರುಡೆಗೆ ಕೂಡಿಸಿದಳು. ಅದು ಕೂರಲಿಲ್ಲ. ತಿರುಗಿಸಿ ನೋಡಿದಳು, ಆಗಲೂ ಇಲ್ಲ.

ಕಪಾಟಿನ ಬೀಗದಕೈ ಇದ್ದುದು ಇಬ್ಬರ ಬಳಿ, ತನ್ನ ಬಳಿ ಮತ್ತು ಡಾಕ್ಟರ ಬಳಿ. ಕಳೆದ ತಿಂಗಳು ಅವರು ಇದೇ ಡಬ್ಬಿಯನ್ನು ಮೇಲಕ್ಕೊಯ್ದು ಮೂರು ದಿನ ಇಟ್ಟುಕೊಂಡಿದ್ದರಲ್ಲವೇ? “ನಾನಿಲ್ಲದಾಗ ಯಾರೂ ಮುಟ್ಟಬೇಡಿ” ಎಂದಿದ್ದರಲ್ಲವೇ?

ಮನೆಗೆ ಬಂದವಳೇ ಗಂಡನ ಮುಂದೆ ಎಲ್ಲವನ್ನೂ ಸುರಿದಳು. ಆತ ಹೊಲಿಗೆ ಯಂತ್ರದಿಂದ ತಲೆಯೆತ್ತಲೂ ಇಲ್ಲ.

“ಬಾವಲಿ ದವಡೆ ಕದ್ದು ಆ ಮನುಷ್ಯ ಏನು ಮಾಡ್ತಾರೆ? ತಮ್ಮ ಬಾಯಿಗೆ ಹಾಕ್ಕೊಳ್ತಾರಾ?”

“ನಗ್ರೀ, ನಗಿ. ಸೋಮವಾರ ಬಂದೋರು ಡಬ್ಬಿ ಯಾರ ವಶದಲ್ಲಿತ್ತು ಅಂತ ಕೇಳಿದ್ರೆ ಯಾರ ಹೆಸರು ಬರುತ್ತೆ? ಅವರಿಗೆ ಪ್ರಶಸ್ತಿ, ನನಗೆ ಕಳ್ಳಿ ಅನ್ನೋ ಪಟ್ಟ!”

“ನಿನ್ನ ಕಣ್ಣಿಗೆ ಯಾರು ತಾನೇ ಕಳ್ಳರಲ್ಲ ಹೇಳು. ಮದುವೆ ದಿನ ನನ್ನನ್ನೇ ಎರಡು ಸಲ ನೋಡಿದ್ದೆ, ತೋರಿಸಿದ ವರ ಇವನೇ ಹೌದಾ ಅಂತ.”

ಮಾರನೆಯ ದಿನ ಬೆಳಗ್ಗೆಯೇ ಆಕೆ ಭೂತಗನ್ನಡಿ ಹಿಡಿದು ಕುಳಿತಳು. ನಿಜವಾದ ದವಡೆ ಒಯ್ದು ಬೇರೆಯದನ್ನು ಇಟ್ಟು ಡಾಕ್ಟರು ಅದರ ಮೇಲೆ ಬರೆದ ಕಳ್ಳ ನಂಬರು ಹಿಡಿಯಬೇಕಿತ್ತು. ದವಡೆಯ ಒಳಬದಿಯಲ್ಲಿ ೪೧೨ ಎಂದಿತ್ತು. ಶಾಯಿ ಹಳೆಯದಾಗಿ ಕಂದಿತ್ತು. ಅಕ್ಷರ ತನ್ನದೇ. ಅದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ.

ದಾಖಲೆ ಪುಸ್ತಕ ತೆರೆದಳು. ಹತ್ತೊಂಬತ್ತು ವರ್ಷದ ಹಿಂದೆ ಒಂದೇ ದಿನ ಎರಡು ಬಾವಲಿ ಬಂದಿದ್ದವು, ೪೧೨ ಮತ್ತು ೪೧೩. ಆಗ ನೆನಪಾಯಿತು. ಆ ವಾರ ಒಂದು ಗಾಜಿನ ಪೆಟ್ಟಿಗೆ ಒಡೆದಿತ್ತು. ಉಳಿದ ಒಂದರಲ್ಲೇ ನಡುವೆ ರಟ್ಟು ನಿಲ್ಲಿಸಿ ಎರಡನ್ನೂ ಇಟ್ಟಿದ್ದಳು. ಹುಳುಗಳು ರಟ್ಟನ್ನೂ ಬಿಡದೆ ಕೊರೆದಿದ್ದವು. ಮೂಳೆಗಳು ಅತ್ತಿಂದಿತ್ತ ಉರುಳಿದ್ದವು. ಬಣ್ಣ ನೋಡಿ, ಅಂದಾಜಿನಲ್ಲಿ ಬೇರ್ಪಡಿಸಿದ್ದಳು.

೪೧೩ರ ದವಡೆಯನ್ನು ತೆಗೆದು ೪೧೨ರ ಬುರುಡೆಗೆ ಇಟ್ಟಳು. ಟಕ್ಕೆಂದು ಕೂತಿತು. ೪೧೨ರ ಉದ್ದ ದವಡೆ ೪೧೩ರ ಬುರುಡೆಗೆ ಹೊಂದಿತು. ಎರಡೂ ತೀರ ಸಾಮಾನ್ಯ ಬಾವಲಿಗಳು. ಹೊಸ ಜಾತಿ ಎಂಬುದು ಇರಲೇ ಇಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಡ್ಡಿಯಂಥ ಮೂಳೆ ಮುರಿದೀತೆಂದು ಡಾಕ್ಟರೇ ಬುರುಡೆಯನ್ನೂ ದವಡೆಯನ್ನೂ ಬೇರೆಬೇರೆಯಾಗಿ ಅಳೆದಿದ್ದರು. ಬಂದವರೂ ಹಾಗೆಯೇ ನೋಡಿ ಹೋಗುತ್ತಿದ್ದರು. ಆದರೂ ಆಕೆ ಎರಡೂ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿದಳು.

ಎಲ್ಲ ಕೇಳಿದ ಡಾಕ್ಟರ ಮುಖ ಬಿಗಿಯಾಯಿತು.

“ಐದು ವರ್ಷ ಇಲ್ಲದ ಮಾತು ಇವತ್ತೇ ಯಾಕೆ ಬಂತು? ಯಾರು ಹೇಳಿಕೊಟ್ಟು ಕಳಿಸಿದ್ರು ನಿಮ್ಮನ್ನ?”

“ನಿನ್ನೆ ನಾನೂ ನಿಮ್ಮನ್ನ ಹೀಗೇ ಅಂದ್ಕೊಂಡಿದ್ದೆ ಸರ್, ನೀವೇ ಕಳ್ಳರು ಅಂತ. ನನ್ನನ್ನೂ ನಂಬಬೇಡಿ. ಕೂಡಿಸಿ ನೋಡಿ.”

ಅವರು ಚಿಮಟದಿಂದ ೪೧೩ರ ದವಡೆ ಎತ್ತಿ ೪೧೨ರ ಬುರುಡೆಗೆ ಕೂಡಿಸಿದರು. ಅದು ಸರಿಯಾಗಿ ಕೂತಿತು. ಆಮೇಲೆ ಕಾಗದ ಎಳೆದುಕೊಂಡು ಸಮಿತಿಗೆ ಬರೆಯತೊಡಗಿದರು. ತಮ್ಮ ಸಂಶೋಧನೆಯನ್ನು ಹಿಂತೆಗೆದುಕೊಳ್ಳುತ್ತಿರುವುದಾಗಿಯೂ ಮಾದರಿಗಳಲ್ಲಿ ಗೊಂದಲವಾಗಿರುವುದಾಗಿಯೂ ಬರೆದರು.

ಭುಜದ ಹಿಂದಿನಿಂದ ಓದುತ್ತಿದ್ದ ಮೂಳೆಯಮ್ಮ ಅಲ್ಲೇ ತಡೆದಳು. “ಗೊಂದಲ ಅಂದ್ರೆ ಯಾರದ್ದೂ ಅಲ್ಲ ಅಂತಾಗುತ್ತೆ ಸರ್. ನಂದು ಅಂತಲೇ ಹಾಕಿ.”

“ಕೂಡಿಸಿ ನೋಡದೆ ಇದ್ದದ್ದು ನನ್ನ ತಪ್ಪೂ ಹೌದು” ಎಂದು ಅವರು ಎರಡನ್ನೂ ಬರೆದರು. ಇಬ್ಬರೂ ಸಹಿ ಹಾಕಿದರು.

ಲಕೋಟೆ ಅಂಟಿಸುತ್ತಿದ್ದ ಡಾಕ್ಟರು ತಟ್ಟನೆ ಕೇಳಿದರು: “ಒಟ್ಟು ಎಷ್ಟು ಡಬ್ಬಿ ಇವೆ ನಿಮ್ಮ ಕೋಣೇಲಿ?”

“ನಾಲ್ಕು ಸಾವಿರ.”

ಮೂಳೆಯಮ್ಮ ಕೆಳಗಿಳಿದು, ಮೊದಲನೇ ಕಪಾಟಿನ ಮೊದಲನೇ ಡಬ್ಬಿ ತೆಗೆದು, ಒಳಗಿನ ದವಡೆಯನ್ನು ಬುರುಡೆಗೆ ಕೂಡಿಸತೊಡಗಿದಳು.