ಬಾಳೆಹಣ್ಣಿಗೆ ಹುಚ್ಚೆಳ್ಳು ಪುಡಿ, ಆಲೂಗಡ್ಡೆಗೆ ಬೆಲ್ಲ

ಉಪಾಧ್ಯಾಯರ ತರಬೇತಿಗೆಂದು ನಾನು ಹಾಸನಕ್ಕೆ ಬಂದದ್ದು ಅರವತ್ತರ ದಶಕ ಶುರುವಾದ ಹೊಸತರಲ್ಲಿ. ನಮ್ಮೂರು ನುಗ್ಗೇಹಳ್ಳಿ ಬಿಟ್ಟು ಬೇರೆ ಕಡೆ ಒಂಟಿಯಾಗಿ ಇದ್ದವಳೇ ಅಲ್ಲ. ಸಾಲಗಾಮೆ ರಸ್ತೆಯ ಒಂದು ವಠಾರದಲ್ಲಿ ಹಿಂಬದಿಯ ಕೋಣೆ ಸಿಕ್ಕಿತು. ಜೊತೆಗೆ ಅರಕಲಗೂಡು ಕಡೆಯ ಒಬ್ಬಳು ಹುಡುಗಿ. ಅವಳೂ ನನ್ನಂತೆಯೇ ತರಬೇತಿಗೆ ಬಂದವಳು. ಸಂಗೀತಗಾರರ ಊರಾದ ರುದ್ರಪಟ್ಟಣದ ಪಕ್ಕದ ಹಳ್ಳಿಯವಳು ಎಂದು ತಿಳಿದರೆ ಸಾಕು, ಎಲ್ಲರೂ ಅವಳನ್ನು ಹಾಡು ಎಂದು ಪೀಡಿಸುತ್ತಿದ್ದರು.

"ನಾವು ಸಂಗೀತ ಕೇಳಿದ್ದೆಲ್ಲ ಬೇಲಿ ಆಚೆ ನಿಂತ್ಕಂಡು ಕಣೇ. ನಂಗೆಲ್ಲಿ ಬತ್ತದೆ ಆಡು?" ಎಂದು ನನ್ನ ಹತ್ತಿರ ನಗುತ್ತಿದ್ದಳು. ಆದರೆ ರೊಟ್ಟಿ ತಟ್ಟುವಾಗ ತನಗೇ ಗೊತ್ತಿಲ್ಲದಂತೆ ಗುನುಗುತ್ತಿದ್ದಳು. ನಾನು ಕೇಳಿಸಿಕೊಳ್ಳುತ್ತಿದ್ದೇನೆಂದು ಗೊತ್ತಾದರೆ ನಿಲ್ಲಿಸಿಬಿಡುತ್ತಿದ್ದಳು. ಹಾಗಾಗಿ ನಾನು ತಲೆ ಎತ್ತದೆ ಪುಸ್ತಕ ಹಿಡಿದು ಕೂರುತ್ತಿದ್ದೆ.

ನಮ್ಮ ಅಡಿಗೆಮನೆ ಅಂದರೆ ಒಂದು ಇದ್ದಿಲ ಅಗ್ಗಿಷ್ಟಿಕೆ, ಒಂದು ಹಂಚು, ಎರಡು ಪಾತ್ರೆ. ಊರಿಗೆ ಹೋದಾಗ ನಾನು ಹುಚ್ಚೆಳ್ಳು ಚಟ್ನಿಪುಡಿ, ತೆಂಗಿನಕಾಯಿ, ಬೆಲ್ಲ ತರುತ್ತಿದ್ದೆ. ಅವಳು ಚೀಲದಲ್ಲಿ ಆಲೂಗಡ್ಡೆ ತರುತ್ತಿದ್ದಳು. ವಠಾರದ ಯಜಮಾನಿ ಹಿತ್ತಲಿನ ಗೊನೆ ಹಣ್ಣಾದಾಗ ನಮಗೂ ಒಂದು ಚಿಪ್ಪು ಬಾಳೆಹಣ್ಣು ಕೊಡುತ್ತಿದ್ದರು.

ಒಂದು ಭಾನುವಾರ ಸಾರು ಮಾಡಲು ಬೇಳೆಯೂ ಇರಲಿಲ್ಲ, ಸೊಪ್ಪೂ ಇರಲಿಲ್ಲ. ರಾಗಿರೊಟ್ಟಿ ಬೆಂದಿತ್ತು. ಕಪ್ಪಾಗಿ ಕಳಿತ ಎರಡು ಬಾಳೆಹಣ್ಣು ಗೂಡಿನಲ್ಲಿದ್ದವು. ನಾನು ಅವನ್ನು ಬಿಸಿ ರೊಟ್ಟಿಯ ಮೇಲೆ ಕಿವುಚಿ, ಮೇಲೆ ಹುಚ್ಚೆಳ್ಳು ಪುಡಿ ಉದುರಿಸಿದೆ.

"ಅಯ್ಯೋ, ಬಾಳೆಅಣ್ಗೆ ಕಾರ ಆಕ್ತಾರೇನೇ? ಉಚ್ಚು ಇಡೀತಾ ನಿಂಗೆ?"

"ಸುಮ್ಕೆ ತಿಂದ್ ನೋಡೇ."

ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಆಮೇಲೆ ನನ್ನ ತಟ್ಟೆಯನ್ನೇ ತನ್ನ ಕಡೆ ಎಳೆದುಕೊಂಡಳು.

ಮಾಡಿ ನೋಡುವವರು ಒಂದು ವಿಷಯ ಗಮನದಲ್ಲಿಡಬೇಕು. ಹುಚ್ಚೆಳ್ಳನ್ನು ಸಣ್ಣ ಉರಿಯಲ್ಲಿ ಚಿಟಪಟ ಅನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಸೇರಿಸಿ ತರಿತರಿಯಾಗಿ ಕುಟ್ಟಿರಬೇಕು. ನುಣ್ಣಗಾದರೆ ಹಣ್ಣಿನಲ್ಲಿ ಕರಗಿ ಹೋಗುತ್ತದೆ. ಹಲ್ಲಿಗೆ ಸಿಗಬೇಕು. ರೊಟ್ಟಿ ಮಾತ್ರ ಹಂಚಿನಿಂದ ಆಗಷ್ಟೇ ಇಳಿದದ್ದಾಗಿರಬೇಕು.

ಆಮೇಲೆ ಅದೊಂದು ಆಟವೇ ಆಯಿತು. ಮೊಸರವಲಕ್ಕಿಗೆ ಸೀಬೆಹಣ್ಣು ಹೆಚ್ಚಿ ಹಾಕಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟೆವು. ಚೆನ್ನಾಗಿತ್ತು. ಕಾಫಿಗೆ ಹಪ್ಪಳ ಅದ್ದಿದೆವು. ಅದನ್ನು ಯಾರಿಗೂ ಹೇಳಲಾರೆ. ಅವಳು ಕಂಡುಹಿಡಿದದ್ದು ಆಲೂಗಡ್ಡೆಯದು. ಅಗ್ಗಿಷ್ಟಿಕೆಯ ಬೂದಿಯಲ್ಲಿ ಆಲೂಗಡ್ಡೆ ಹೂತು, ಸಿಪ್ಪೆ ಸುಟ್ಟು ಕರಿಯಾದಾಗ ತೆಗೆದು ಒಡೆದು, ಬಿಸಿ ಇರುವಾಗಲೇ ಕಾಯಿತುರಿ, ಪುಡಿ ಬೆಲ್ಲ, ಚಿಟಿಕೆ ಉಪ್ಪು ತುಂಬಿ ತಿನ್ನುವುದು. ಬೆಲ್ಲ ಅರ್ಧ ಕರಗಿ ಅರ್ಧ ಗಟ್ಟಿ ಉಳಿಯುತ್ತಿತ್ತು. ಚಳಿಗಾಲದ ಸಂಜೆ ಇಬ್ಬರೂ ಬೆರಳು ಸುಟ್ಟುಕೊಂಡು ತಿನ್ನುತ್ತಿದ್ದೆವು.

ತರಬೇತಿ ಮುಗಿಯಿತು. ನನಗೆ ನಮ್ಮೂರ ಹತ್ತಿರದ ಶಾಲೆಯಲ್ಲೇ ಕೆಲಸ ಸಿಕ್ಕಿತು. ಅವಳಿಗೆ ಕೆಲಸಕ್ಕಿಂತ ಮೊದಲು ಮದುವೆಯಾಯಿತು, ಅರಕಲಗೂಡಿಗೇ ಕೊಟ್ಟರು. ಮದುವೆಯ ದಿನ ಅವಳನ್ನು ಹೆಂಗಸರ ಗುಂಪಿನ ನಡುವೆ ದೂರದಿಂದ ನೋಡಿದ್ದಷ್ಟೆ. ಊಟದಲ್ಲಿ ಆಲೂಗಡ್ಡೆ ಪಲ್ಯ ಬಡಿಸಿದಾಗ ನಾನು ಅವಳ ಕಡೆ ನೋಡಿದೆ. ಅವಳು ತಲೆ ಬಗ್ಗಿಸಿ ಕೂತಿದ್ದಳು.

ಮರುವರ್ಷ ಗೌರಿಹಬ್ಬ ಕಳೆದ ಮೇಲೆ ಅವಳ ಮೈದುನ ಎತ್ತು ನೋಡಲು ಚನ್ನರಾಯಪಟ್ಟಣಕ್ಕೆ ಬಂದವನು ನನ್ನನ್ನು ಹುಡುಕಿಕೊಂಡು ಶಾಲೆಗೆ ಬಂದ. ಬಾಗಿಲಲ್ಲೇ ನಿಂತು ಹೇಳಿದ: "ಮೇಷ್ಟ್ರಮ್ಮ, ಅತ್ಗೆ ಬಸ್ರಿ. ಬಾಯ್ಗೆ ಏನೂ ಸೇರಾಕಿಲ್ಲ, ನೀರ್ ಕುಡುದ್ರೂ ವಾಂತಿ. ನಿಮ್ ಉಚ್ಚೆಳ್ ಪುಡಿ ಬೇಕು ಅಂತ ಒಂದೇ ಸಮ ಕೇಳ್ತಾವ್ರೆ."

ಅಂದೇ ಸಂಜೆ ಅವ್ವನ ಪಕ್ಕ ಕೂತು ಪುಡಿ ಕುಟ್ಟಿದೆ. ಬೆಳಿಗ್ಗೆ ಎರಡು ತೆಂಗಿನಕಾಯಿಯನ್ನೂ ಚೀಲಕ್ಕೆ ಹಾಕಿಕೊಂಡು ಚನ್ನರಾಯಪಟ್ಟಣದಲ್ಲಿ ಬಸ್ಸು ಹಿಡಿದೆ. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಹೇಮಾವತಿ ದಡ ತುಂಬಿ ಹರಿಯುತ್ತಿತ್ತು. ಅರಕಲಗೂಡಿನ ಬಸ್ಸಿಗೆ ಕಾಯುತ್ತ ಕೂತಾಗ ಅವಳಿಗೆ ಏನು ಹೇಳಬೇಕೆಂದು ಯೋಚಿಸಿದೆ. ಹೇಳುವುದು ಬೇಕಾದಷ್ಟಿತ್ತು.

ಹೋಗಿ ನೋಡಿದರೆ ಅವಳು ಚಾಪೆಯ ಮೇಲೆ ಮಲಗಿದ್ದಳು. ಕೆನ್ನೆ ಒಳಗೆ ಹೋಗಿತ್ತು. ಮುಂಗೈಯಲ್ಲಿ ಬಳೆಗಳು ಸಡಿಲವಾಗಿ ಮೊಣಕೈವರೆಗೆ ಜಾರುತ್ತಿದ್ದವು. ನನ್ನ ಕೈ ಹಿಡಿದುಕೊಂಡು, "ತಂದ್ಯಾ?" ಎಂದಳು.

ಡಬ್ಬಿ ತೆಗೆಯುವಷ್ಟರಲ್ಲಿ ಅವಳ ಅತ್ತೆ ಬಂದು ಅದನ್ನು ಮೂಸಿ, ಅಟ್ಟದ ಮೇಲಿಟ್ಟುಬಿಟ್ಟರು. "ಉಚ್ಚೆಳ್ಳು ಉಷ್ಣ ಕಣವ್ವ. ಬಸ್ರಿಗೆ ಆಗಾಕಿಲ್ಲ."

"ಒಂದ್ ಚಿಟ್ಕೆ ಅಷ್ಟೇ ಅಮ್ಮ..."

"ಬ್ಯಾಡ ತಾಯಿ." ಆಕೆ ನನ್ನ ಮುಖ ನೋಡಲಿಲ್ಲ. "ನನ್ ಮಗ್ಳೂ ಇಂಗೇ ಏನೇನೋ ಕೇಳೋಳು. ಕೊಟ್ಟೆ. ಯಾವ್ದುರಿಂದ ಆಯ್ತೋ ಏನೋ, ಮಗೂನೂ ಉಳೀಲಿಲ್ಲ, ಅವ್ಳೂ ಉಳೀಲಿಲ್ಲ. ಇನ್ನೊಂದ್ಸಲ ಅದುನ್ನ ನೋಡಾಕ್ ನನ್ಕೈಲಿ ಆಗಾಕಿಲ್ಲ."

ನನಗೆ ಸಿಟ್ಟು ಬಂದಿತ್ತು, ಇಳಿದು ಹೋಯಿತು. ಗೆಳತಿ ಗೋಡೆ ಕಡೆ ತಿರುಗಿ ಮಲಗಿದ್ದಳು. ಕೋಣೆಯ ಮೂಲೆಯಲ್ಲಿ ಹೊಸದಾಗಿ ಅಗೆದ ಆಲೂಗಡ್ಡೆ ರಾಶಿ ಹಾಕಿದ್ದರು. ಇನ್ನೂ ಹಸಿ ಮಣ್ಣು ಮೆತ್ತಿಕೊಂಡಿತ್ತು.

"ಅಮ್ಮ, ಆಲೂಗಡ್ಡೆಗೆ ಬೆಲ್ಲ, ಕಾಯಿ ಹಾಕಿ ಕೊಡಲಾ? ಅದು ಉಷ್ಣ ಅಲ್ಲವಲ್ಲ?" ಎಂದೆ.

"ಆಲೂಗೆಡ್ಡೆಗೆ ಬೆಲ್ವಾ?" ಆಕೆ ಕಣ್ಣೊರೆಸಿಕೊಂಡು ನಕ್ಕುಬಿಟ್ಟರು. "ಇದ್ಯಾವ್ ಸೀಮೆ ಊಟ್ವವ್ವ? ಮಾಡು, ನೋಡವ. ಅದ್ರಿಂದ ಏನಾಗ್ತದೆ."

ಅವರ ಒಲೆಯ ಬೂದಿಯಲ್ಲೇ ಆಲೂಗಡ್ಡೆ ಹೂತೆ. ಆಕೆಯೇ ಕಾಯಿ ತುರಿದು ಕೊಟ್ಟರು. ಗೆಳತಿ ಎದ್ದು ಗೋಡೆಗೆ ಒರಗಿ ಕೂತು ಒಂದನ್ನು ಪೂರ್ತಿ ತಿಂದಳು. ನಾವಿಬ್ಬರೂ ಪಕ್ಕದಲ್ಲೇ ಕೂತು ನೋಡುತ್ತಿದ್ದೆವು. ವಾಂತಿಯಾಗಲಿಲ್ಲ. ಇನ್ನೊಂದು ಕೇಳಿದಳು. ಅದನ್ನು ಅವಳ ಅತ್ತೆಯೇ ಒಡೆದು, ಊದಿ ಆರಿಸಿ, ಬೆಲ್ಲ ತುಂಬಿ ಬಾಯಿಗಿಟ್ಟರು. ಎರಡು ದಿನ ಅಲ್ಲೇ ಇದ್ದೆ. ನಿಧಾನವಾಗಿ ಗಂಜಿಯೂ ಸೇರತೊಡಗಿತು. ಹೊರಡುವ ದಿನ ಅವಳು ಬಾಗಿಲವರೆಗೆ ಎದ್ದು ಬಂದಳು.

ಹೆಣ್ಣು ಮಗು ಹುಟ್ಟಿತು, ಇಬ್ಬರೂ ಚೆನ್ನಾಗಿದ್ದಾರೆ ಎಂದು ಅದೇ ಮೈದುನ ಬಂದು ಹೇಳಿ ಹೋದ. ಬಾಣಂತನ ಮುಗಿಯುವಷ್ಟರಲ್ಲಿ ಅವಳ ಗಂಡನಿಗೆ ಭದ್ರಾವತಿ ಕಡೆ ಕೆಲಸವಾಯಿತು. ನನಗೂ ಮದುವೆಯಾಯಿತು. ಆಮೇಲೆ ಒಂದೇ ಸಲ ಸಿಕ್ಕಿದ್ದು, ಹಾಸನದ ಬಸ್ ಸ್ಟ್ಯಾಂಡಿನಲ್ಲಿ. ಅವಳ ಬಸ್ಸು ಹೊರಡುವ ಹೊತ್ತು. ಕಿಟಕಿಯ ಪಕ್ಕ ಕೂತಿದ್ದಳು, ಮೈ ಕೈ ತುಂಬಿಕೊಂಡು. ಮಗಳು ತೊಡೆಯ ಮೇಲೆ ನಿಂತಿದ್ದಳು.

"ಎಂಗಿದ್ದೀಯೇ?" ಎಂದಳು.

"ಇದ್ದೀನಿ ಕಣೇ. ನೀನು?"

"ನಮ್ಮತ್ತೆ ಓಗ್ಬುಟ್ರು ಕಣೇ. ನಿನ್ನ ಬಾಳ ಕೇಳೋರು. ಆ ಬೆಲ್ಲದ್ ಉಡ್ಗಿ ಯಾವಾಗ್ ಬತ್ತಾಳೆ ಅಂತ."

ಡ್ರೈವರು ಹತ್ತಿದ, ಇಂಜಿನ್ ಶಬ್ದ ಶುರುವಾಯಿತು. ಮಗು ಕಂಬಿಯ ಸಂದಿಯಿಂದ ಕೈ ಚಾಚಿತು, ನಾನು ಅದರ ಬೆರಳು ಹಿಡಿದುಕೊಂಡು ನಾಲ್ಕು ಹೆಜ್ಜೆ ಬಸ್ಸಿನ ಜೊತೆಗೇ ನಡೆದೆ. ಆ ಮಗುವಿಗೆ ಈಗ ಮೊಮ್ಮಕ್ಕಳೇ ಇರಬಹುದು. ಅವಳ ತಾಯಿ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ.