ಎಡಗಡೆಯ ಮೈಕು

ಬನಹಟ್ಟಿಯಲ್ಲಿ ಅವರನ್ನು ಎಲ್ಲರೂ ಪೇಟಿ ಮಾಸ್ತರ ಎಂದೇ ಕರೆಯುತ್ತಾರೆ. ಆಯುಷ್ಯವೆಲ್ಲ ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ ಬಾರಿಸಿದವರು. ಯಾರು ಮಾತಾಡಿಸಿದರೂ ಕತ್ತನ್ನು ಎಡಕ್ಕೆ ಎತ್ತಿಯೇ ಕೇಳುತ್ತಾರೆ. ರಂಗದ ಮೇಲೆ ತಮ್ಮ ಎಡಕ್ಕೆ ನಿಂತು ಹಾಡುವವರ ಬಾಯಿಯನ್ನೇ ನೋಡಿ ನೋಡಿ ಬಂದ ರೂಢಿ. ಚಹಾ ಕೊಟ್ಟರೂ, ಬಸ್ಸು ಬಂದರೂ ಅವರದು ಒಂದೇ ಮಾತು: "ತಡೀರಿ, ಮೊದಲ ಅವ್ರದಾಗ್ಲಿ."

ಈಗ ಜಮಖಂಡಿಯಲ್ಲಿ ಅವರೊಬ್ಬರದೇ ಪೇಟಿವಾದನ ಇಟ್ಟಿದ್ದಾರೆ. ತಬಲಾ ನನ್ನದು. ಮೊನ್ನೆ ತಾಲೀಮಿನಲ್ಲಿ ಒಂದು ಸಾಲು ಚೆಂದಾಗಿ ಬಾರಿಸಿ, ತಟ್ಟನೆ ನಿಲ್ಲಿಸಿ ಎಡಕ್ಕೆ ನೋಡಿದರು. ಅಲ್ಲಿ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ನನ್ನ ತಾಳ ತಪ್ಪಿತು.

"ಮಾಸ್ತರ್ರ, ಮರತ್ರೇನ್ರಿ?"

"ಮರತಿಲ್ಲಪಾ. ಇದು ಹಾಡವ್ರ ಜಾಗಾ."

"ಹಾಡವ್ರು ಯಾರೂ ಇಲ್ರಿ. ನೀವೊಬ್ರ ಅದೀರಿ."

"ಖರೆ ಅಲ್ಲಾ!" ಎಂದು ನಕ್ಕು ಮತ್ತೆ ಶುರುಮಾಡಿದರು. ಮತ್ತೆ ಅಲ್ಲೇ ನಿಂತರು. ಆ ಜಾಗವನ್ನೂ ನೀವೇ ಬಾರಿಸಿ ತುಂಬಿರಿ ಎಂದೆ. ತುಂಬಲು ಹೋಗಿ ಅರ್ಧಕ್ಕೇ ಕೈ ತೆಗೆದರು.

"ಆಗವಲ್ದೋ. ಅವ್ರ ಬಾಯಿ ಮುಚ್ಚಿದಂಗ ಆಗಾಕತ್ತೈತಿ."

ಯಾರ ಬಾಯಿ? ಮೂರನೆಯ ಸಲ ಅವರು ನಿಂತಾಗ ನಾನು ತಾಳ ಬಿಡದೆ ತಬಲಾದ ಮೇಲೆ ಬರಿಯ ಠೇಕಾ ಹಿಡಿದು ಕಾದೆ. ಹಾಗೆ ಕಾಯುತ್ತ ನಾನೂ ಎಡಕ್ಕೆ ನೋಡುತ್ತಿದ್ದೆ.

ನಾಡಿದ್ದು ಕಾರ್ಯಕ್ರಮ. ಇವತ್ತು ಮೈಕಿನವನು ಫೋನು ಮಾಡಿ ಎಷ್ಟು ಮೈಕು ಬೇಕೆಂದು ಕೇಳಿದ.

"ಪೇಟಿಗೊಂದು, ತಬಲಾಕ್ಕೊಂದು," ಎಂದೆ. ಆಮೇಲೆ, "ಎಡಗಡೆ ನಿಂತು ಹಾಡವ್ರ ಎತ್ತರಕ್ಕ ಇನ್ನೊಂದಿರ್ಲಿ."

"ಯಾರ್ ಹಾಡ್ತಾರ್ರೀ?"

"ನೀ ಮೊದಲ ಮೈಕ್ ಇಡಪಾ," ಎಂದೆ.